ಹಿಂದಿನ ಆಕ್ಸಲ್‌ನ ಹಣೆಬರಹ

ಲಾರಿಯ ಹಿಂದಿನ ಆಕ್ಸಲ್ ಯಾಕೆ ಮುರಿಯುತ್ತದೆ ಎಂದು ತಲೆ ಕೆಡಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆ. ಯೂರೋಪಿನವರು ಈ ವಿಷಯದಲ್ಲಿ ಅನಾವಶ್ಯಕವಾಗಿ ಬಹಳ ದೂರ ಹೋದರು. 1842ರಲ್ಲಿ ವರ್ಸೈನಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಎಂಜಿನ್ ಆಕ್ಸಲ್ ತುಂಡಾಗಿ ಅನೇಕ ಜನ ಸತ್ತರು. ಆಮೇಲೆ ಪ್ರಶ್ಯಾದ ಆಗಸ್ಟ್ ವೋಲರ್ ಎಂಬ ಎಂಜಿನಿಯರ್ ವರ್ಷಗಟ್ಟಲೆ ಆಕ್ಸಲ್‌ಗಳನ್ನು ತಿರುಗಿಸಿ ಮುರಿಯುತ್ತ ಕೂತ. ಒಂದು ಸಲಕ್ಕೆ ಸಲೀಸಾಗಿ ತಡೆಯುವ ಭಾರವನ್ನೇ ಲಕ್ಷಾಂತರ ಸಲ ಹೊರಿಸಿದರೆ ಉಕ್ಕು ಒಳಗೊಳಗೇ ದಣಿದು ಬಿರುಕು ಬಿಡುತ್ತದೆ ಎಂದು ಸಾಧಿಸಿ ತೋರಿಸಿದ. ಪಾಪ, ಕಣ್ಣುದೃಷ್ಟಿಯ ಬಗ್ಗೆ ಅವನಿಗೆ ಯಾರೂ ಹೇಳಿರಲಿಲ್ಲ.

ನಮ್ಮ ನಿರ್ವಹಣಾ ಪದ್ಧತಿ ಸರಳ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಲಾರಿ ತೊಳೆದು, ಮುಂದಿನ ಗಾಜಿಗೆ ವಿಭೂತಿ ಬಳಿದು, ಬಂಪರಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದಡಿಗೆ ಲಿಂಬೆಹಣ್ಣು ಇಟ್ಟು ಹತ್ತಿಸುವುದು. ಲಿಂಬೆಹಣ್ಣು ಚಪ್ಪಟೆಯಾದರೆ ಲಾರಿ ಪಾಸ್. ಇಷ್ಟೆಲ್ಲ ಸತ್ಕಾರ ಮುಂಭಾಗಕ್ಕೆ. ಭಾರದ ಬಹುಪಾಲು ಹೊರುವ, ಎಳೆಯುವ ಕೆಲಸವನ್ನೂ ಮಾಡುವ ಹಿಂದಿನ ಆಕ್ಸಲ್‌ನ ಪಾಲಿಗೆ ಬರುವುದು ಹಿಂದೆ ನೇತುಹಾಕಿದ ಹಳೇ ಚಪ್ಪಲಿ.

ಇದರಲ್ಲಿ ಅನ್ಯಾಯವೇನೂ ಇಲ್ಲವೆಂದು ತಜ್ಞನಾಗಿ ನನ್ನ ಅಭಿಪ್ರಾಯ. ಭಾರದ ವಾಹನಗಳ ಆಕ್ಸಲ್ ಫುಲ್ ಫ್ಲೋಟಿಂಗ್ ಜಾತಿಯದು. ತೂಕ ಹೊರುವುದು ಹೌಸಿಂಗ್ ಮತ್ತು ಹಬ್ಬಿನ ಬೇರಿಂಗುಗಳು, ಒಳಗಿನ ಶಾಫ್ಟ್ ಬರೀ ತಿರುಗಿಸುತ್ತದೆ. ಶಾಫ್ಟ್ ಕಟ್ಟಾದರೆ ಚಕ್ರ ಕಳಚಿ ಹೋಗುವುದಿಲ್ಲ, ಲಾರಿ ಎಳೆಯುವುದನ್ನು ನಿಲ್ಲಿಸುತ್ತದೆ, ಅಷ್ಟೆ. ಬೋಲ್ಟ್ ಬಿಚ್ಚಿ ತುಂಡುಗಳನ್ನು ಹೊರಗೆಳೆದು ಹೊಸ ಶಾಫ್ಟ್ ತೂರಿಸಿದರೆ ರಸ್ತೆಬದಿಯಲ್ಲೇ ಪುನರ್ಜನ್ಮ. ಹಿಂದೆ ಐದು ಕಿಲೋಮೀಟರ್ ಸಾಲುಗಟ್ಟಿ ನಿಂತವರಿಗೂ ಪಶ್ಚಿಮಘಟ್ಟದ ಸಸ್ಯಸಂಪತ್ತು ನೋಡಲು ಪುರುಸೊತ್ತು ಸಿಗುತ್ತದೆ.

ಇನ್ನು ಬ್ರೀದರ್. ಹೌಸಿಂಗಿನ ಮೇಲೆ ಗಾಳಿ ಆಡಲೆಂದು ಇಟ್ಟಿರುವ ಪುಟ್ಟ ರಂಧ್ರ ಇದು. ಕೆಸರು, ಧೂಳು, ಗ್ರೀಸು ಕೂತು ಮುಚ್ಚಿಕೊಳ್ಳುತ್ತದೆ. ಲಾರಿ ಓಡಿದಂತೆ ಒಳಗಿನ ಎಣ್ಣೆ ಕಾಯುತ್ತದೆ, ಗಾಳಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಎಣ್ಣೆಯನ್ನೇ ಆಯಿಲ್ ಸೀಲಿನಾಚೆಗೆ ನೂಕುತ್ತದೆ. ಆ ಎಣ್ಣೆ ಹಬ್ಬಿನೊಳಗಿನ ಗ್ರೀಸನ್ನು ತೊಳೆದುಕೊಂಡು ನೇರ ಬ್ರೇಕ್ ಲೈನರಿಗೆ ಇಳಿಯುತ್ತದೆ. ಅತ್ತ ಡಿಫರೆನ್ಷಿಯಲ್ ಒಣಗಿತು, ಇತ್ತ ಬ್ರೇಕು ಜಾರಿತು. ಮದ್ದು ಏನೆಂದರೆ, ಒಂದು ಚಿಂದಿಬಟ್ಟೆ ತಗೊಂಡು ಬ್ರೀದರ್ ಒರೆಸುವುದು. ಖರ್ಚಿಲ್ಲದ ಕೆಲಸವಾದ್ದರಿಂದ ಇದನ್ನು ಯಾರೂ ಗಂಭೀರವಾಗಿ ಪರಿಗಣಿಸಿಲ್ಲ. ಅದೇ ದುಡ್ಡಿನಲ್ಲಿ ಏಳು ಸ್ವರದ ಹಾರ್ನ್ ಬರುವುದಿಲ್ಲ ನಿಜ, ಆದರೆ ಬ್ರೀದರ್ ಒರೆಸಿದ್ದು ಎದುರಿನವರಿಗೆ ಕೇಳಿಸುವುದೂ ಇಲ್ಲ.

ಡಿಫರೆನ್ಷಿಯಲ್ ಒಳಗಿನ ಕ್ರೌನ್ ಮತ್ತು ಪಿನಿಯನ್ ಗಿಯರುಗಳು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿದ, ಒಂದೇ ನಂಬರು ಹೊತ್ತ ಜೋಡಿ. 41 ಹಲ್ಲಿನ ಕ್ರೌನಿಗೆ 6 ಹಲ್ಲಿನ ಪಿನಿಯನ್ ಇದ್ದರೆ ಪ್ರೊಪೆಲ್ಲರ್ ಶಾಫ್ಟ್ ಏಳು ಸುತ್ತಿಗೆ ತುಸು ಕಡಿಮೆ ಸುತ್ತಿದಾಗ ಚಕ್ರ ಒಂದು ಸುತ್ತು. ಎರಡು ಹಲ್ಲುಗಳ ನಡುವಿನ ಸಡಿಲವನ್ನು ಮಿಲಿಮೀಟರಿನ ಭಾಗಗಳಲ್ಲಿ ಅಳೆದು ಕೂರಿಸಬೇಕು ಎಂದು ಕೈಪಿಡಿ ಹೇಳುತ್ತದೆ. ಅನುಭವಸ್ಥರು ಗುಜರಿಯಿಂದ ಪಿನಿಯನ್ ಒಂದನ್ನೇ ತಂದು ಜಾತಕ ನೋಡದೆ ಮದುವೆ ಮಾಡಿಸುತ್ತಾರೆ. ವಾರದೊಳಗೆ ಕ್ರೌನ್ ಕೂಗತೊಡಗುತ್ತದೆ. ಆಗ ಎಣ್ಣೆಗೆ ಮರದ ಹೊಟ್ಟು ಬೆರೆಸಿ, ಕೂಗು ನಿಂತಿರುವ ನಾಲ್ಕು ದಿನದಲ್ಲಿ ಗಾಡಿ ಮಾರಬೇಕು. ಇದು ಹಲವು ದೇಶಗಳ ಹಳೇ ಗಾಡಿ ವ್ಯಾಪಾರಿಗಳು ಬಲ್ಲ ವಿದ್ಯೆ. ಕೊಂಡವನಿಗೆ ಮಾತ್ರ ತಡವಾಗಿ ತಿಳಿಯುತ್ತದೆ.

ಲೋಡಿನ ವಿಷಯಕ್ಕೆ ಬಂದರೆ, ನಾಲ್ಕು ಟೈರಿನ ಒಂಟಿ ಆಕ್ಸಲ್ ಮೇಲೆ 10.2 ಟನ್ ಇದ್ದ ಮಿತಿಯನ್ನು ಕೇಂದ್ರ ಸರ್ಕಾರ 2018ರ ಜುಲೈನಲ್ಲಿ 11.5 ಟನ್ನಿಗೆ ಏರಿಸಿತು. ಹಳೆಯ ಗಾಡಿಗಳಿಗೂ ಇದು ಅನ್ವಯವೇ ಎಂದು ಕಚೇರಿಗಳಲ್ಲಿ ಚರ್ಚೆ ನಡೆಯಿತು. ಲೋಡಿಂಗ್ ಯಾರ್ಡುಗಳಲ್ಲಿ ಚರ್ಚೆಗೆ ಜಾಗವಿರಲಿಲ್ಲ, ಅಲ್ಲಿ ಅಷ್ಟರೊಳಗೆ ಹದಿನೈದು ತುಂಬಿಯಾಗಿತ್ತು. ಗೆಜೆಟ್ ಓದಿ ಆಕ್ಸಲ್‌ಗೆ ಒಂದೇ ರಾತ್ರಿಯಲ್ಲಿ ಒಂದು ಟನ್ನಿಗೂ ಹೆಚ್ಚು ಬಲ ಬಂದದ್ದು ಲೋಹವಿಜ್ಞಾನದ ವಿಸ್ಮಯ. ಬಳ್ಳಾರಿಯ ಅದಿರು ಲಾರಿಗಳು ಬೇಲೆಕೇರಿಗೂ ಮಂಗಳೂರಿಗೂ ಓಡುತ್ತಿದ್ದ ಕಾಲದಲ್ಲಿ ನಮಗೆ ಈ ವಿಸ್ಮಯ ದಿನವೂ ಕಾಣುತ್ತಿತ್ತು. ಲೋಕಾಯುಕ್ತ ವರದಿಗೂ ಅದು ಕಂಡಿತು.

ಅಮೆರಿಕದ ಇಲಿನಾಯ್ಸಿನಲ್ಲಿ 1950ರ ದಶಕದ ಕೊನೆಗೆ ರಸ್ತೆ ಪರೀಕ್ಷೆ ಮಾಡಿದವರು, ಆಕ್ಸಲ್ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು 16ರಷ್ಟಾಗುತ್ತದೆ ಎಂದು ಲೆಕ್ಕ ಹಾಕಿದರು. ರಸ್ತೆ ಹೊಂಡವಾಗುತ್ತದೆ, ಹೊಂಡ ಆಕ್ಸಲ್ ಮುರಿಯುತ್ತದೆ, ಮಾಲೀಕ ಹೊಂಡವನ್ನು ಬೈಯುತ್ತಾನೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಹೆಚ್ಚುವರಿ ಹೊರೆಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ. ಹೆಚ್ಚಿನ ಮಾಲು ಇಳಿಸುವ ತನಕ ಗಾಡಿಯನ್ನು ಕದಲಿಸಬಾರದು ಎಂದೂ ಕಾಯ್ದೆಯಲ್ಲಿದೆ. ಇಳಿಸಿದ ಮಾಲು ರಸ್ತೆಬದಿಯಲ್ಲಿ ಗುಡ್ಡೆ ಬಿದ್ದಿರುವುದನ್ನು ನೀವು ಕಂಡಿದ್ದರೆ ನಿಮ್ಮ ಪುಣ್ಯ ದೊಡ್ಡದು.

ಚಹಾಕ್ಕೆ ನಿಲ್ಲಿಸಿದಾಗ ಇಳಿದುಹೋಗಿ ಹಿಂದಿನ ಹಬ್ಬುಗಳ ಬಳಿ ಅಂಗೈ ಒಡ್ಡಿ ಶಾಖ ನೋಡುವ ಡ್ರೈವರುಗಳು ಇಂದಿಗೂ ಅಲ್ಲಲ್ಲಿ ಇದ್ದಾರೆ. ಅವುಗಳಲ್ಲಿ ಒಂದು ಹೆಚ್ಚು ಸುಟ್ಟರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೆ ಬ್ರೇಕ್ ಹಿಡಿದಿದೆ ಎಂದು ಅವರಿಗೆ ಗೊತ್ತು. ಇಂಥವರಿಂದ ಗಾಡಿ ತಡವಾಗುತ್ತದೆ ಎಂಬ ದೂರು ಇರುವುದರಿಂದ ಅವರನ್ನು ನಾನು ಶಿಫಾರಸು ಮಾಡಲಾರೆ.

ಓದುಗರಲ್ಲಿ ಒಂದೇ ವಿನಂತಿ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಮುಂದಿನ ಲಾರಿಯ ಹಿಂಚಕ್ರದ ಡಿಸ್ಕಿನ ಮೇಲೆ ಎಣ್ಣೆ ಇಳಿದ ಕರಿಗೆರೆ ಕಂಡರೆ ಅದರ ಬೆನ್ನು ಹತ್ತಬೇಡಿ, ಮುಂದೆ ನುಗ್ಗಿ ಅದರ ದಾರಿಗೂ ಬೀಳಬೇಡಿ. ದೂರ ಉಳಿಯಿರಿ, ಅಗಲ ಸಿಕ್ಕಲ್ಲಿ ನಿಲ್ಲಿಸಿ, ಅದು ಗುಂಡ್ಯ ಮುಟ್ಟಲಿ.