ಬ್ಲಾಕ್ ಮೀಮಾಂಸೆ: ದ್ವಾದಶ ರಾಶಿ ಪ್ರಕರಣ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವೆಂದರೆ ವರ್ಡ್‌ಪ್ರೆಸ್ ಎಂಬ ಪ್ರಕಟಣಾ ತಂತ್ರಾಂಶದೊಳಗೆ ನಮಗೆ ಬೇಕಾದ ಬ್ಲಾಕನ್ನು ನಾವೇ ಕಟ್ಟಿಕೊಳ್ಳುವುದು. ಪ್ರಯೋಜನ, ಕಟ್ಟಿದವನಿಗೆ ಸಂಬಳ. ಬಳಸುವವರಿಗೆ ಏನೆಂಬುದು ಮುಂದೆ ಚರ್ಚೆಗೆ ಬರುತ್ತದೆ. ಸಂಬಂಧ ಇವರಿಬ್ಬರ ನಡುವಿನದು, ದಿನದಿಂದ ದಿನಕ್ಕೆ ಹಳಸುವಂಥದ್ದು. ಅಧಿಕಾರಿ ಎಂದರೆ ಸರ್ಕಾರಿ ಅಧಿಕಾರಿಯಲ್ಲ, ಈ ಗ್ರಂಥ ಓದಲು ಅರ್ಹನಾದವನು: ಜಾವಾಸ್ಕ್ರಿಪ್ಟ್ ಬಲ್ಲವನು, ರಿಯಾಕ್ಟ್‌ನಲ್ಲಿ ಮಿಂದೆದ್ದವನು, ರಾತ್ರಿ ಹನ್ನೊಂದಕ್ಕೆ ಪತ್ರಿಕೆಯ ಡೆಸ್ಕಿನಿಂದ ಬರುವ ಫೋನನ್ನು ಎತ್ತುವಷ್ಟು ಶಮದಮಾದಿಗಳುಳ್ಳವನು. ಮೂರನೆಯ ಲಕ್ಷಣವಿಲ್ಲದಿದ್ದರೆ ಮೊದಲೆರಡು ಇದ್ದೂ ದಂಡ.

ಇತಿಹಾಸವನ್ನು ಬೇಗ ಮುಗಿಸೋಣ. ವರ್ಡ್‌ಪ್ರೆಸ್ ಅವತರಿಸಿದ್ದು 2003ರ ಮೇ 27ರಂದು. ಹದಿನೈದು ವರ್ಷ ಜನ ಒಂದೇ ಬಿಳಿ ಪೆಟ್ಟಿಗೆಯಲ್ಲಿ ಬರೆದುಕೊಂಡು ಸುಖವಾಗಿದ್ದರು. 2018ರ ಡಿಸೆಂಬರ್ 6ರಂದು ಬಂದ 5.0ನೇ ಆವೃತ್ತಿ ಆ ಪೆಟ್ಟಿಗೆಯನ್ನು ಒಡೆದು, ಪ್ಯಾರಾ ಒಂದು ಬ್ಲಾಕು, ಚಿತ್ರ ಒಂದು ಬ್ಲಾಕು, ತಲೆಬರಹ ಇನ್ನೊಂದು ಬ್ಲಾಕು ಎಂದಿತು. ಹೊಸ ಎಡಿಟರ್‌ಗೆ ಗುಟೆನ್‌ಬರ್ಗ್ ಎಂದು ನಾಮಕರಣವಾಯಿತು. 15ನೇ ಶತಮಾನದ ಮೈಂಜ್ ಪಟ್ಟಣದ ಆ ಮುದ್ರಕ ಅಚ್ಚುಮೊಳೆಗಳನ್ನು ಬಿಡಿಬಿಡಿಯಾಗಿ ಎರಕ ಹೊಯ್ದವನು. ಅವನ ಮೊಳೆ ಜೋಡಿಸುತ್ತಿದ್ದವರು ಏನೆಂದು ಬೈದುಕೊಂಡರೋ ಚರಿತ್ರೆಯಲ್ಲಿ ಉಳಿದಿಲ್ಲ. ಅವನ ಹೆಸರಿನ ಎಡಿಟರ್‌ಗೆ ಬಿದ್ದ ಬೈಗುಳಕ್ಕೆ ಮಾತ್ರ ಲೆಕ್ಕ ಸಿಗುತ್ತದೆ: ಹಳೆಯ ಪೆಟ್ಟಿಗೆಯನ್ನೇ ಮರಳಿ ತರುವ ‘ಕ್ಲಾಸಿಕ್ ಎಡಿಟರ್’ ಪ್ಲಗಿನ್ನನ್ನು 50 ಲಕ್ಷಕ್ಕೂ ಹೆಚ್ಚು ತಾಣಗಳು ಹಾಕಿಕೊಂಡವು.

ಇನ್ನು ದರ್ಶನ ಭೇದ. ಹಳೆಯ ಎಡಿಟರ್ ಅದ್ವೈತಿ. ಕಂಡದ್ದೇ ದಕ್ಕುವುದು; ಬರೆಯುವ ರೂಪಕ್ಕೂ ಉಳಿಯುವ ರೂಪಕ್ಕೂ ಭೇದವಿಲ್ಲ; ಭೇದ ತೋರಿದರೆ ಅದು ಮಾಯೆ, ಇಲ್ಲವೇ ವರ್ಡ್‌ನಿಂದ ಪೇಸ್ಟ್ ಮಾಡಿದ ಪಾಪದ ಫಲ. ಬ್ಲಾಕ್ ಎಡಿಟರ್ ಕಟ್ಟಾ ದ್ವೈತಿ. ಪ್ರತಿ ಬ್ಲಾಕಿಗೂ ‘ಎಡಿಟ್’ ಮತ್ತು ‘ಸೇವ್’ ಎಂಬ ಎರಡು ಫಂಕ್ಷನ್. ಎಡಿಟ್ ಎಂಬುದು ಬರೆಯುವವರ ಕಣ್ಣಿಗೆ ಬೀಳುವ ದೇಹ, ಖಾನೆ ಗುಂಡಿ ಪಕ್ಕದ ಪಟ್ಟಿಗಳ ಸಮೇತ. ಸೇವ್ ಎಂಬುದು ಡೇಟಾಬೇಸಿಗೆ ಹೋಗಿ ಸೇರುವ ಬರಿಯ ಎಚ್‌ಟಿಎಂಎಲ್. ಇವೆರಡೂ ಎಂದೆಂದಿಗೂ ಬೇರೆಯೇ. ಉಡುಪಿಯ ಅಷ್ಟಮಠಗಳಲ್ಲಿ ಯಾರೂ ಇದಕ್ಕೆ ಆಕ್ಷೇಪ ಎತ್ತಲಾರರು. ಬ್ಲಾಕಿನ ಗುಣಗಳು, ಅಂದರೆ ‘ಆಟ್ರಿಬ್ಯೂಟ್’ಗಳು, ಓದುಗನಿಗೆ ಕಾಣದ ಎಚ್‌ಟಿಎಂಎಲ್ ಕಾಮೆಂಟಿನೊಳಗೆ ಪೂರ್ವಜನ್ಮದ ವಾಸನೆಗಳಂತೆ ಅಡಗಿದ್ದು, ಲೇಖನವನ್ನು ಮತ್ತೆ ತೆರೆದಾಗ ಎಚ್ಚರಗೊಳ್ಳುತ್ತವೆ. ಮೂರನೆಯದೊಂದು ಪಂಥವೂ ಉಂಟು: ಅವರ ಸೇವ್ ಏನನ್ನೂ ಉಳಿಸದೆ ‘ನಲ್’ ಎಂದು ಕೈಯಾಡಿಸುತ್ತದೆ, ಓದುಗ ಪುಟ ತೆರೆದ ಕ್ಷಣ ಸರ್ವರ್‌ನಲ್ಲಿರುವ ಪಿಎಚ್‌ಪಿ ರೂಪ ಕೊಡುತ್ತದೆ. ಇದನ್ನು ಶೂನ್ಯ ಸಂಪಾದನೆ ಎಂದು ಕರೆದರೆ ಶರಣರು ಕ್ಷಮಿಸಬೇಕು. ನಾನು ಮೊದಲೇ ಈ ಪಂಥಕ್ಕೆ ಸೇರಿದ್ದಿದ್ದರೆ ಪ್ರಸ್ತುತ ಗ್ರಂಥ ಹುಟ್ಟುತ್ತಲೇ ಇರಲಿಲ್ಲ.

ಪ್ರಕೃತಕ್ಕೆ ಬರೋಣ. ಹೆಸರು ಹೇಳಬಾರದ ಒಂದು ಪತ್ರಿಕೆಯ ಜಾಲತಾಣಕ್ಕೆ ನಾನು ‘ರಾಶಿಫಲ ಬ್ಲಾಕ್’ ಕಟ್ಟಿಕೊಟ್ಟೆ. ಒಂದು ತಾಯಿ ಬ್ಲಾಕು, ಅದರ ಹೊಟ್ಟೆಯಲ್ಲಿ ಮೇಷಾದಿ ಮೀನಾಂತ ಹನ್ನೆರಡು ಮರಿ ಬ್ಲಾಕು. ಮೊದಲ ವಾರವೇ ಯಾರದೋ ಮೌಸ್ ಜಾರಿ ಸಿಂಹ ಮೇಷದ ಮೇಲೆ ಹತ್ತಿ ಕೂತಿತು. ಮೂರನೆಯ ದಿನ ಕನ್ಯಾಪಹರಣವಾಯಿತು. ಗ್ರಹಗತಿಗಳನ್ನು ಹೀಗೆ ಡೆಸ್ಕಿನವರ ಕೈಗೆ ಬಿಡಬಾರದೆಂದು ‘ಟೆಂಪ್ಲೇಟ್ ಲಾಕ್’ ಎಂಬ ಅಷ್ಟದಿಗ್ಬಂಧನ ಹಾಕಿದೆ: ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಳಿಸುವಂತಿಲ್ಲ. ಬರೆಯುವುದೊಂದೇ ಬಾಕಿ. ಅದನ್ನು ತಡೆಯುವ ವಿಧಾನ ವರ್ಡ್‌ಪ್ರೆಸ್ಸಿನಲ್ಲಿ ಇದ್ದೇ ಇದೆ, ನನಗೆ ಧೈರ್ಯ ಸಾಲಲಿಲ್ಲ.

ಆಮೇಲೆ ಅಕ್ಷರ ಸಂಖ್ಯಾ ವಿಚಾರ. ವಾಟ್ಸಾಪಿನಲ್ಲಿ ಹಂಚುವ ಕಾರ್ಡಿಗೆ ಫಲವನ್ನು ಇಷ್ಟೇ ಅಕ್ಷರಕ್ಕೆ ಕತ್ತರಿಸಬೇಕೆಂದರು, ಕತ್ತರಿಸಿದೆ. ನಮ್ಮ ಕಣ್ಣಿಗೆ ‘ವೃಶ್ಚಿಕ’ ಮೂರಕ್ಷರ. ಜಾವಾಸ್ಕ್ರಿಪ್ಟ್‌ಗೆ ಏಳು: ವಕಾರ, ಋತ್ವ, ಶಕಾರ, ವಿರಾಮ, ಚಕಾರ, ಗುಡಿಸು, ಕಕಾರ. ಯೂನಿಕೋಡ್ ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟಿರುವುದರಿಂದ ಕತ್ತರಿ ಎಲ್ಲಿ ಬೇಕಾದರೂ ಬೀಳಬಹುದು. ಕೆಲವು ದಿನ ಒತ್ತಕ್ಷರ ಉದುರಿ, ತುದಿಯಲ್ಲಿ ಅರ್ಧ ವ್ಯಂಜನ ಜೋತಾಡುತ್ತಿತ್ತು, ಅದನ್ನಾದರೂ ಸಹಿಸಬಹುದು. ಒಂದು ಮಂಗಳವಾರ ಜೋಯಿಸರು ವೃಷಭದವರಿಗೆ ‘ಧನನಷ್ಟವಿಲ್ಲ’ ಎಂದು ಬರೆದಿದ್ದರು. ಕತ್ತರಿ ಕರಾರುವಾಕ್ಕಾಗಿ ಟಕಾರದ ಬಲಕ್ಕೆ ಬಿತ್ತು. ಊರಿಗೆಲ್ಲ ಹೋದ ಕಾರ್ಡಿನಲ್ಲಿದ್ದದ್ದು ‘ಧನನಷ್ಟ’.

ಇಷ್ಟಾದರೂ ನನ್ನ ಜಾತಕದಲ್ಲಿ ನಿಜವಾದ ಕಂಟಕ ಬಂದದ್ದು ಮಾರ್ಕೆಟಿಂಗ್ ಮನೆಯಿಂದ. ರಾಶಿಯ ಹೆಸರು ಬರಿಯ ದಪ್ಪಕ್ಷರದಲ್ಲಿದ್ದರೆ ಗೂಗಲ್‌ಗೆ ರುಚಿಸದು, ತಲೆಬರಹದ ಟ್ಯಾಗ್ ಬೇಕು ಎಂದರು. ಸೇವ್ ಫಂಕ್ಷನ್‌ನಲ್ಲಿ ಒಂದು ಟ್ಯಾಗ್ ಬದಲಾಯಿಸಿದೆ. ಲೇಖನವನ್ನು ತೆರೆಯುವಾಗ ಬ್ಲಾಕ್ ಎಡಿಟರ್ ಒಂದು ಪರೀಕ್ಷೆ ಮಾಡುತ್ತದೆ: ಉಳಿದಿರುವ ಗುಣಗಳನ್ನು ಇಂದಿನ ಸೇವ್‌ಗೆ ಕೊಟ್ಟು ಬಂದದ್ದನ್ನು, ಅಂದು ಡೇಟಾಬೇಸಿಗೆ ಸೇರಿದ್ದರ ಜೊತೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಬ್ಲಾಕನ್ನು ಬೂದು ಮಾಡಿ, ಇದರಲ್ಲಿ ಅನಿರೀಕ್ಷಿತವಾದ ಅಥವಾ ಅಮಾನ್ಯವಾದ ವಿಷಯವಿದೆ ಎಂದು ಘೋಷಿಸುತ್ತದೆ. ಓದುಗನಿಗೆ ಇದು ಗೊತ್ತೇ ಆಗದು. ಅವನಿಗೆ ಹೋಗುವುದು ಹಳೆಯ ಎಚ್‌ಟಿಎಂಎಲ್, ಅದು ಭದ್ರವಾಗಿಯೇ ಇರುತ್ತದೆ. ದೋಷ ಕಾಣುವುದು ಹಳೆಯ ಲೇಖನವನ್ನು ಎಡಿಟರ್‌ನಲ್ಲಿ ತೆರೆದವರಿಗೆ ಮಾತ್ರ. ಮುಗಿದುಹೋದ ದಿನದ ಭವಿಷ್ಯವನ್ನು ಯಾರು ತೆರೆಯುತ್ತಾರೆ ಎಂದು ನಾನು ನಿಶ್ಚಿಂತನಾಗಿದ್ದೆ.

ರಾತ್ರಿ ಹನ್ನೊಂದಕ್ಕೆ ಉಪಸಂಪಾದಕಿ ಫೋನ್ ಮಾಡಿದರು. “ಸಾರ್, ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಯಾವುದನ್ನ ತೆಗೆದರೂ ಹನ್ನೆರಡೂ ರಾಶಿ ಬೂದಿ ಬಣ್ಣಕ್ಕೆ ತಿರುಗಿವೆ. ಅನಿರೀಕ್ಷಿತ ಅಂತ ಬರ್ತಿದೆ.”

“ಭವಿಷ್ಯ ಅಂದಮೇಲೆ ಅನಿರೀಕ್ಷಿತ ಇರೋದೇ ಅಲ್ವಾ ಮೇಡಂ,” ಎಂದು ನಗಲು ನೋಡಿದೆ. ಅವರು ನಗಲಿಲ್ಲ. “ಅಲ್ಲ, ಇಷ್ಟು ಹೊತ್ತಲ್ಲಿ ಹಳೇದನ್ನ ಯಾಕೆ ತೆಗೆದಿರಿ?” ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. “ಜೋಯಿಸರು ನಾಲ್ಕು ದಿನದಿಂದ ಏನೂ ಕಳಿಸಿಲ್ಲ ಸಾರ್.”

ಬ್ಲಾಕ್ ಪರೀಕ್ಷೆಯಿಂದ ಇಂಥ ಗೂಢಾರ್ಥಗಳೂ ಪ್ರಕಾಶಗೊಳ್ಳುವುದುಂಟೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಪ್ರಸ್ತುತ ಲೇಖಕನ ಸ್ವಂತ ಸಂಶೋಧನೆ ಇದು.

ಈ ದೋಷಕ್ಕೆ ಶಾಸ್ತ್ರೋಕ್ತ ಪರಿಹಾರದ ಹೆಸರು ‘ಡೆಪ್ರಿಕೇಟೆಡ್’. ಸತ್ತುಹೋದ ಸೇವ್ ಫಂಕ್ಷನ್ನನ್ನು ಎಸೆಯದೆ ಬ್ಲಾಕಿನೊಳಗೇ ಇಟ್ಟು ಪೂಜಿಸಬೇಕು. ಇಂದಿನ ಸೇವ್‌ಗೆ ತಾಳೆಯಾಗದ ಲೇಖನ ಬಂದರೆ ಎಡಿಟರ್ ಒಬ್ಬೊಬ್ಬ ಪಿತೃವನ್ನೂ ಕರೆದು, ‘ಇದು ನಿಮ್ಮ ಕಾಲದ್ದೇ?’ ಎಂದು ಕೇಳುತ್ತದೆ. ಹೌದೆಂದವರ ಕೈಯಿಂದ ಅದನ್ನು ಪಡೆದು ಹೊಸ ರೂಪಕ್ಕೆ ದಾಟಿಸುತ್ತದೆ. ತೀರಾ ಇತ್ತೀಚೆಗೆ ತೀರಿಕೊಂಡವರನ್ನು ಪಟ್ಟಿಯ ಮೊದಲಲ್ಲಿಡುವುದು ಸಂಪ್ರದಾಯ. ಮಹಾಲಯ ಅಮಾವಾಸ್ಯೆಯ ತರ್ಪಣದಲ್ಲೂ ಅಪ್ಪನ ಸರದಿ ಮುತ್ತಜ್ಜನಿಗಿಂತ ಮೊದಲು ಬರುವುದನ್ನು ಹೋಲಿಸಿ ನೋಡಿ. ವ್ಯತ್ಯಾಸವಿಷ್ಟೆ: ತರ್ಪಣ ಮೂರು ತಲೆಮಾರಿಗೆ ನಿಲ್ಲುತ್ತದೆ. ನನ್ನ ಬ್ಲಾಕಿನಲ್ಲಿ ಈಗ ಐದು ತಲೆಮಾರು ಎಲೆ ಹಾಕಿಸಿಕೊಂಡು ಕೂತಿವೆ. ಹೊಸದಾಗಿ ಸೇರಿದ ಹುಡುಗನೊಬ್ಬ ಇದೆಲ್ಲ ಕಸ, ಅಳಿಸಿಬಿಡೋಣ ಎಂದ. ಅವನಿಗೆ ಪಿತೃಶಾಪದ ಅರಿವಿಲ್ಲ; ಡೆಸ್ಕಿನ ನಂಬರ್ ಅವನಿಗೆ ಕೊಟ್ಟಿದ್ದೇನೆ.

ಐದನೆಯ ತಲೆಮಾರು ಸತ್ತದ್ದು ಅದೃಷ್ಟ ಬಣ್ಣದ ದೆಸೆಯಿಂದ. ಜೋಯಿಸರು ಚೇತರಿಸಿಕೊಂಡು ಬಂದು, “ಬೇರೆ ಪೇಪರಿನವರೆಲ್ಲ ಬಣ್ಣ ಹಾಕ್ತಾರಪ್ಪಾ, ನಮ್ಮದರಲ್ಲೂ ಒಂದು ಖಾನೆ ಮಾಡಿಕೊಡು,” ಎಂದರು. ವರ್ಡ್‌ಪ್ರೆಸ್ಸಿನಲ್ಲಿ ಬಣ್ಣ ಆರಿಸುವ ಸಿದ್ಧ ಸಾಧನವೇ ಇದೆ. ಬರಿಯ ಪಠ್ಯದ ಖಾನೆ ಇಟ್ಟು ‘ಕೆಂಪು’ ಎಂದು ಟೈಪ್ ಮಾಡಿ ಎನ್ನುವುದು ನನ್ನ ವಿದ್ವತ್ತಿಗೆ ಕಡಿಮೆಯೆನಿಸಿತು. 1,67,77,216 ಬಣ್ಣಗಳಲ್ಲಿ ಬೇಕಾದ್ದನ್ನು ಆರಿಸಬಹುದಾದ ಚಕ್ರವನ್ನೇ ಕೂರಿಸಿದೆ. ಜೋಯಿಸರಿಗೆ ಬಹಳ ಸಂತೋಷವಾಗಿ, ಮಂಗಳನ ಮನೆಯೆಂದು ಮೇಷಕ್ಕೆ ಕಡುಗೆಂಪನ್ನೂ ಶನಿಯ ಮನೆಯೆಂದು ಮಕರಕ್ಕೆ ಕಪ್ಪನ್ನೂ ತಾವೇ ಒತ್ತಿ ತೋರಿಸಿದರು. ಆ ಸಾಧನ ಹಿಂತಿರುಗಿಸುವುದು ಬಣ್ಣದ ಹೆಸರನ್ನಲ್ಲ, ಸಂಕೇತವನ್ನು. ಸೇವ್‌ನಲ್ಲಿ ಅದನ್ನು ಚುಕ್ಕೆಯಾಗಿ ತೋರಿಸುವ ಬದಲು ಹಾಗೇ ಅಚ್ಚು ಹಾಕಿದ್ದು ಮಾತ್ರ ನನ್ನ ಕೆಲಸ.

ಮಾರನೆಯ ದಿನ ‘ಮೇಷ, ಅದೃಷ್ಟ: #800000’ ಎಂದು ಪ್ರಕಟವಾಯಿತು. ಹತ್ತು ಗಂಟೆಯೊಳಗೆ ಡೆಸ್ಕಿಗೆ ಸಾಲು ಸಾಲು ಫೋನ್: ಎಂಟು ಲಕ್ಷ ಇವತ್ತೇ ಬರುತ್ತದೆಯೋ ಕಂತಿನಲ್ಲೋ, ಲಾಟರಿಯೋ ಆಸ್ತಿಯೋ, ತೆರಿಗೆ ಮುರಿದುಕೊಂಡು ಎಂಟೋ ಮುರಿಯುವ ಮುಂಚೆ ಎಂಟೋ. ಮಕರದವರದು #000000 ಆಗಿತ್ತು. ಅವರಿಂದ ಒಂದು ಕರೆಯೂ ಬರಲಿಲ್ಲ.