ಇಪ್ಪತ್ತೆರಡನೆಯ ವೈಕಲ್ಯ: ಗದಗ ಸೀಮೆಯ ಕಾಯುವಿಕೆಯನ್ನು ಕುರಿತ ಶಾಸ್ತ್ರವಿಚಾರ

1995ರ ಕಾಯಿದೆ ನಮ್ಮ ದೇಶದಲ್ಲಿ ಏಳು ಬಗೆಯ ಅಂಗವೈಕಲ್ಯಗಳಿವೆ ಎಂದು ಎಣಿಸಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆ ಎಣಿಕೆಯನ್ನು 21ಕ್ಕೆ ಏರಿಸಿತು. ಇಪ್ಪತ್ತೊಂದು ವರ್ಷಕ್ಕೆ ಹದಿನಾಲ್ಕು ಎಂದರೆ ಒಂದೂವರೆ ವರ್ಷಕ್ಕೊಂದು ಹೊಸ ವೈಕಲ್ಯ. ಈ ಗತಿಯಲ್ಲಿ ಇಪ್ಪತ್ತೆರಡನೆಯದು 2018ರ ಹೊತ್ತಿಗೇ ಪತ್ತೆಯಾಗಬೇಕಿತ್ತು. ಆಗದೆ ಉಳಿದ ಆ ಕೆಲಸವನ್ನು ಪ್ರಸ್ತುತ ಪ್ರಬಂಧ ವಿನಯಪೂರ್ವಕ ಕೈಗೆತ್ತಿಕೊಂಡಿದೆ. ಈ ವೈಕಲ್ಯದ ಹೆಸರು ‘ಕಾಯುವಿಕೆ’. ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಕೊಟ್ಟ ಗಳಿಗೆಯಲ್ಲಿ ತಗಲಿ, ಅದು ಕೈಸೇರುವ ತನಕ ಬಲಿಯುತ್ತ ಹೋಗುವುದು ಇದರ ಲಕ್ಷಣ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಅಧ್ಯಯನಕ್ಷೇತ್ರವಾಗಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ‘ಪಾಳಿ’ ಎಂಬ ಒಂದೇ ಮಾತಿನಲ್ಲಿ ನಿಂತ ಸಾಲನ್ನೂ ಬರಬೇಕಾದ ಸರದಿಯನ್ನೂ ಹೇಳಬಲ್ಲ ಈ ಸೀಮೆಯ ಕನ್ನಡಕ್ಕೆ, ಎರಡರ ನಡುವಿನ ದೂರ ಚೆನ್ನಾಗಿ ಗೊತ್ತು.

ಮೊದಲು ಪ್ರಮಾಣ. 2016ರ ಕಾಯಿದೆಯ ವ್ಯಾಖ್ಯಾನದಂತೆ ದೀರ್ಘಕಾಲದ ನ್ಯೂನತೆಯುಳ್ಳ ವ್ಯಕ್ತಿ ಸುತ್ತಲಿನ ಅಡೆತಡೆಗಳನ್ನು ಎದುರಿಸುವಾಗ, ಸಮಾಜದಲ್ಲಿ ಸರಿಸಮನಾಗಿ ಪಾಲ್ಗೊಳ್ಳಲಾಗದೆ ಹೋಗುವುದೇ ಅಂಗವೈಕಲ್ಯ. ಬೆಟಗೇರಿಯ ನೇಕಾರರ ಮಾತಿನಲ್ಲಿ ಹೇಳುವುದಾದರೆ ದೇಹದ ನ್ಯೂನತೆ ಹಾಸು, ಊರಿನ ಅಡೆತಡೆ ಹೊಕ್ಕು. ಎರಡೂ ಕೂಡಿದರೇ ಸೀರೆ. ವೈದ್ಯಕೀಯ ಮಂಡಳಿಯಾದರೋ ಹಾಸನ್ನಷ್ಟೇ ಅಳೆದು ಇಡೀ ಸೀರೆಗೆ ಬೆಲೆ ಬರೆಯುತ್ತದೆ. ಆ ಬೆಲೆಯೇ ಶೇಕಡಾ. ಶೇ.40 ಮುಟ್ಟಿದ ಬಡವರಿಗೆ ರಾಜ್ಯ ಸರ್ಕಾರದ ಮಾಸಾಶನ, ಹಳ್ಳಿಯವರು ‘ಪಗಾರ’ ಎನ್ನುವುದು, ತಿಂಗಳಿಗೆ 800 ರೂಪಾಯಿ, ಶೇ.75 ದಾಟಿದವರಿಗೆ 1,400. ಕೇಂದ್ರದ ಇಂದಿರಾ ಗಾಂಧಿ ಯೋಜನೆಯ 300 ರೂಪಾಯಿಗೆ ಶೇ.80 ಬೇಕು. ಯುಡಿಐಡಿ ಎಂಬ ಆ ಗುರುತಿನ ಕಾರ್ಡಿನ ಬಣ್ಣ 40ರ ಕೆಳಗೆ ಬಿಳಿ, 40ರಿಂದ ಹಳದಿ, 80ರಿಂದ ನೀಲಿ. ಹೀಗಾಗಿ 39ಕ್ಕೂ 40ಕ್ಕೂ ನಡುವೆ ಇರುವುದು ಒಂದು ಅಂಕವೆಂದು ತಿಳಿಯುವುದು ಅಜ್ಞಾನ. ಇರುವುದು ವರ್ಷಕ್ಕೆ 9,600 ರೂಪಾಯಿ ಮತ್ತು ಒಂದು ಬಣ್ಣ.

ಇನ್ನು ಹೊಕ್ಕಿನ ವಿಚಾರ. ಲಕ್ಷ್ಮೇಶ್ವರ, ಮುಂಡರಗಿಗಳು ಗದಗಕ್ಕೆ ಸುಮಾರು 40 ಕಿಲೋಮೀಟರ್ ದೂರ; ಶಿರಹಟ್ಟಿ ಸ್ವಲ್ಪ ಹತ್ತಿರ. ತಾಲ್ಲೂಕಿನಲ್ಲಿ ಶಿಬಿರ ನಡೆದ ದಿನ ಬಿಟ್ಟರೆ ತಜ್ಞರನ್ನು ಕಾಣಲು ಜಿಲ್ಲಾ ಕೇಂದ್ರಕ್ಕೇ ಬರಬೇಕು. ಕಿವಿಯ ಬೆರಾ ಪರೀಕ್ಷೆಯೋ ಬುದ್ಧಿಮತ್ತೆಯ ಪರೀಕ್ಷೆಯೋ ಆದರೆ ಹುಬ್ಬಳ್ಳಿ, ಧಾರವಾಡದ ಮಾತೂ ಬರಬಹುದು. ಬಸ್ಸಿನ ರಿಯಾಯಿತಿ ಪಾಸಿಗೆ ಕಾರ್ಡು ಬೇಕು. ಕಾರ್ಡಿಗೆ ಬಸ್ಸು ಹತ್ತಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು, ಆಡಳಿತಶಾಸ್ತ್ರದಲ್ಲಿ ಕಾರ್ಯವಿಧಾನವೆಂದು. ಇದಕ್ಕಿಂತ ಸೂಕ್ಷ್ಮವಾದದ್ದು ಹಾಜರಿಯ ಉಭಯಪಾಶ: ಪಾಳಿ ಹಚ್ಚಿ ಮಧ್ಯಾಹ್ನದವರೆಗೆ ನಿಂತವನನ್ನು ಕಂಡರೆ ನಿಲ್ಲುವ ಶಕ್ತಿ ಇದೆಯೆಂದು ತೋರುತ್ತದೆ, ನಿಲ್ಲಲಾರದೆ ಮನೆಯಲ್ಲೇ ಉಳಿದವನು ಗೈರುಹಾಜರು. ಬಂದವನು ವಿಕಲನಲ್ಲ, ವಿಕಲನಾದವನು ಬರಲಿಲ್ಲ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂಬ ಅಲ್ಪ ಗೌರವಧನದ ಜನ ಈ ಪಾಶವನ್ನು ಅಲ್ಲಲ್ಲಿ ಸಡಿಲಿಸುತ್ತಾರೆಂಬುದು ನಿಜ. ಆದರೆ ಅಪವಾದದಿಂದ ನಿಯಮ ಕೆಡದೆಂಬುದು ಸರ್ವಸಮ್ಮತ.

ಕಾಯುವಿಕೆಯನ್ನು ಅಳೆಯುವುದು ಹೇಗೆ? ಸಾಧನವನ್ನು ಸರ್ಕಾರವೇ ಒದಗಿಸಿದೆ. ಒಬ್ಬರಿಗೇ ಎರಡು ವೈಕಲ್ಯಗಳಿದ್ದರೆ ಸುಮ್ಮನೆ ಕೂಡಿಸಕೂಡದು. ದೊಡ್ಡ ಅಂಕವನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕೆಂಬುದು ಮಾರ್ಗಸೂಚಿಯ ಸೂತ್ರ. ನಲವತ್ತಕ್ಕೆ ಮೂವತ್ತು ಸೇರಿದರೆ ಎಪ್ಪತ್ತಾಗುವುದು ಸಂತೆಯಲ್ಲಿ. ಸೂತ್ರದಲ್ಲಿ ಅದು 56.67. ಸೂತ್ರವನ್ನು ಅಕ್ಷರಶಃ ನಂಬಿದರೆ 90ಕ್ಕೆ ಏನು ಸೇರಿಸಿದರೂ 90. ನೂರಕ್ಕೆ ನೂರು ದೃಷ್ಟಿ ಕಳೆದುಕೊಂಡವರಿಗೆ ಮೇಲೆ ಶೇ.45ರ ಕಿವುಡು ಬಂದರೆ ಮೊತ್ತ 95ಕ್ಕೆ ಇಳಿಯುತ್ತದೆ. ಎರಡನೆಯ ಕಷ್ಟ ಬಂದದ್ದೇ ಐದಂಶ ಗುಣವಾದಂತೆ. ಮಂಡಳಿಗಳು ಹಾಗೆ ಬರೆಯುತ್ತವೆಂದು ನಮ್ಮ ವಾದವಲ್ಲ. ಗಣಿತ ಹಾಗೆ ಬರೆಯುತ್ತದೆ. ಇಷ್ಟು ಉದಾರವಾದ ಸೂತ್ರದೊಳಗೆ ಕಾಯುವಿಕೆಗೂ ಒಂದು ಮೂಲೆ ಸಿಗಬಾರದೇಕೆ? ತಿಂಗಳಿಗೊಂದು ಅಂಕವೆಂದು ಹಿಡಿಯೋಣ. ಕಾಯುವುದಕ್ಕೆ ಬೆಲೆ ಕಟ್ಟುವುದು ಅಪಚಾರವೆನ್ನುವವರು 2011ರ ಸಕಾಲ ಕಾಯಿದೆಯನ್ನು ನೋಡಬೇಕು. ವಿಳಂಬದ ದಿನಕ್ಕೆ 20 ರೂಪಾಯಿ, ಒಟ್ಟು 500 ಮೀರದಂತೆ, ಪರಿಹಾರವನ್ನು ಅದು ಆಗಲೇ ಗೊತ್ತುಮಾಡಿದೆ. ಅಂದರೆ ಇಪ್ಪತ್ತೈದು ದಿನಗಳ ಕಾಯುವಿಕೆಗೆ ಬೆಲೆಯಿದೆ. ಇಪ್ಪತ್ತಾರನೆಯ ದಿನದಿಂದ ಅದು ಉಚಿತ.

ಪೂರ್ವಪಕ್ಷದವರ ಮೊದಲ ಆಕ್ಷೇಪ: ಮಂಡಳಿಯ ಅಂಕ ಒಪ್ಪದವರಿಗೆ ಕಾಯಿದೆಯ 59ನೆಯ ಕಲಮು ಮೇಲ್ಮನವಿಯ ಹಕ್ಕು ಕೊಟ್ಟಿರುವಾಗ ಹೊಸ ವೈಕಲ್ಯವೇಕೆ? ಉತ್ತರ: ಮೇಲ್ಮನವಿಯೆಂದರೆ ಇನ್ನೊಂದು ಪಾಳಿ, ರೋಗಕ್ಕೆ ರೋಗವನ್ನೇ ಮದ್ದಾಗಿ ಕೊಟ್ಟಂತೆ. ಅಲ್ಲದೆ, ಬರೆದ ಪದವನ್ನು ಒರೆಸುವವನಲ್ಲವೆಂಬುದು ಗದುಗಿನ ಕುಮಾರವ್ಯಾಸನ ಹೆಗ್ಗಳಿಕೆ. ವೀರನಾರಾಯಣನ ಸನ್ನಿಧಿಯ ಆ ವ್ರತವನ್ನು ಶೇಕಡಾ ಬರೆಯುವ ಲೇಖನಿಯೂ ಪಾಲಿಸಿದರೆ ಅಚ್ಚರಿಯಿಲ್ಲ. ಮೇಲ್ಮನವಿಯ ಯಶಸ್ಸಿನ ಪ್ರಮಾಣವನ್ನು ತಿಳಿಯಲು ಗೆದ್ದವರ ಸಂಖ್ಯೆಯನ್ನು ಹಾಕಿದವರ ಸಂಖ್ಯೆಯಿಂದ ಭಾಗಿಸಬೇಕು. ಇಂಥ ಕಲಮು ಇದೆಯೆಂದೇ ಗೊತ್ತಿಲ್ಲದ ಊರಲ್ಲಿ ಕೆಳಗಿನ ಅಂಕಿ ಸೊನ್ನೆ, ಸೊನ್ನೆಯಿಂದ ಭಾಗಿಸಲಾಗದು. ಆದ್ದರಿಂದ ಅಲ್ಲಿ ಅನ್ಯಾಯವನ್ನು ಗಣಿತದಿಂದ ಸಾಧಿಸಿ ತೋರಿಸಲಾಗದು, ಆಡಳಿತಕ್ಕೆ ಕಳಂಕವೂ ಇಲ್ಲ. ಪರದೇಶಗಳು ಈ ಜಾಣತನ ಕಲಿಯದೆ ಕೆಟ್ಟವು. ಬ್ರಿಟನ್ನಿನಲ್ಲಿ ಅಂಗವೈಕಲ್ಯ ಭತ್ಯೆಯ ಮೇಲ್ಮನವಿ ವಿಚಾರಣೆ ಮುಟ್ಟಿದರೆ ಮೂವರಲ್ಲಿ ಇಬ್ಬರ ಮಟ್ಟಿಗೆ ಅರ್ಜಿದಾರರೇ ಗೆದ್ದ ವರ್ಷಗಳಿವೆ. ಮೊದಲ ತೀರ್ಪು ಎಷ್ಟು ತಪ್ಪಿತ್ತೆಂದು ಅವರೇ ಡಂಗುರ ಸಾರಿದಂತಾಯಿತು. ಅಮೆರಿಕದಲ್ಲಿ 2017ರ ಹೊತ್ತಿಗೆ ವಿಚಾರಣೆಗೆ ಕಾಯುವ ಸರಾಸರಿ 600 ದಿನ ದಾಟಿತ್ತು. ಅವರು ಅದನ್ನು ಎಣಿಸಿ ಪ್ರಕಟಿಸಿದರು, ಪತ್ರಿಕೆಗಳು ಬರೆದವು, ಮುಜುಗರವಾಯಿತು. ಎಣಿಸದಿದ್ದರೆ ಮುಜುಗರವೆಲ್ಲಿ?

ಎರಡನೆಯ ಆಕ್ಷೇಪ: ಅಂಕದ ಆಸೆಗೆ ಜನ ಬೇಕೆಂದೇ ಕಾಯತೊಡಗಿದರೆ? 2024ರಲ್ಲಿ ಐಎಎಸ್ ತರಬೇತಿಯಲ್ಲಿದ್ದ ಅಧಿಕಾರಿಯೊಬ್ಬರ ಪ್ರಮಾಣಪತ್ರವೇ ವಿವಾದವಾದ ಮೇಲೆ ಈ ಶಂಕೆ ಹೆಚ್ಚಿದೆ. ಆದರೆ ಇಪ್ಪತ್ತೊಂದರ ಪೈಕಿ ಯಾವುದನ್ನಾದರೂ ನಟಿಸಬಹುದೇನೋ, ಕಾಯುವಿಕೆಯನ್ನು ನಟಿಸುವುದು ಅಸಾಧ್ಯ. ಅದನ್ನು ಉಂಟುಮಾಡುವ ಶಕ್ತಿ ಅರ್ಜಿದಾರನಲ್ಲಿಲ್ಲ, ಕಚೇರಿಯಲ್ಲಷ್ಟೇ ಇದೆ. ಸಾಕ್ಷಿಯಾಗಿ ಸ್ವೀಕೃತಿಯ ತಾರೀಖು ಕಂಪ್ಯೂಟರಿನಲ್ಲಿದೆ. ಮೂರನೆಯ ಆಕ್ಷೇಪ ಭಕ್ತಿಯ ರೂಪದಲ್ಲಿ ಬರುತ್ತದೆ: ಪುಟ್ಟರಾಜ ಗವಾಯಿಗಳು ಯಾವ ಶೇಕಡಾ ಹಿಡಿದು ಸಾಧಿಸಿದರು? ಕಣ್ಣಿಲ್ಲದೆಯೇ ಸಂಗೀತದಲ್ಲಿ, ಮೂರು ಭಾಷೆಗಳ ಸಾಹಿತ್ಯದಲ್ಲಿ ದುಡಿದು 2010ರಲ್ಲಿ ಪದ್ಮಭೂಷಣರಾದವರು ಇದೇ ಗದುಗಿನವರಲ್ಲವೇ? ಹೌದು, ಮತ್ತು ಇದು ನಮ್ಮ ಸಿದ್ಧಾಂತಕ್ಕೆ ಪರಮ ಸಾಕ್ಷ್ಯ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಬಂದ ಮಗುವಿಗೆ ಊಟ, ವಸತಿ, ಪಾಠ ಒಟ್ಟಿಗೇ ಸಿಕ್ಕವು. ಅಲ್ಲಿ ಹಾಸನ್ನು ಬದಲಿಸಲು ಯಾರಿಗೂ ಆಗಲಿಲ್ಲ, ಹೊಕ್ಕನ್ನು ತೆಗೆದುಹಾಕಿದರು. ಕಾಯಿಸದಿದ್ದರೆ ಏನಾಗುತ್ತದೆಂಬ ಪ್ರಯೋಗ ಈ ಊರಲ್ಲಿ ಆಗಲೇ ನಡೆದು ಫಲಿತಾಂಶ ಹಾಡಾಗಿ ಹೊರಬಿದ್ದಿದೆ.

ಈಗ ಸಿದ್ಧಾಂತ. ಶೇ.39 ಬರೆಸಿಕೊಂಡು ಮನೆಗೆ ಮರಳಿದವನನ್ನು ಸೂತ್ರಕ್ಕೆ ಹಾಕೋಣ. 2017ರ ನಿಯಮದಂತೆ ಪ್ರಮಾಣಪತ್ರಕ್ಕೆ ಒಂದು ತಿಂಗಳ ಗಡುವಿತ್ತು. ಒಂದು ತಿಂಗಳು ಕಾದರೆ ಮೊತ್ತ 39.57, ಏನೂ ಸಿಗದು. 2024ರ ತಿದ್ದುಪಡಿ ಆ ಗಡುವನ್ನು ಮೂರು ತಿಂಗಳಿಗೆ ಬೆಳೆಸಿತು. ಇದನ್ನು ಕೆಲವರು ನಿಷ್ಕರುಣೆಯೆಂದು ಬೈದರು. ಲೆಕ್ಕ ಬಾರದವರ ಮಾತದು! ಮೂರು ತಿಂಗಳಾದರೆ ಮೊತ್ತ 40.7, ಗಡುವಿನೊಳಗೇ ಕಾಯಿಸಿದ್ದಕ್ಕೇ ಆತ ಮಾಸಾಶನಕ್ಕೆ ಅರ್ಹ. ಹೀಗಿರುವಾಗ ಖಜಾನೆಯ ಹಿತ ಬಯಸುವ ಅಧಿಕಾರಿ ಏನು ಮಾಡಬೇಕು? ಎರಡು ತಿಂಗಳಿಗೇ ಮೊತ್ತ 40.13 ಆಗಿಬಿಡುವುದರಿಂದ ಅದರೊಳಗೇ ಕಡತ ಮುಗಿಸಬೇಕು. ‘ನಾಳೆ ಬರ್ರಿ’ ಎಂಬ ಮಾತಿಗೆ ಇಂದು ಖರ್ಚಿಲ್ಲ, ಹೊರುವವರು ಮುಂಡರಗಿಯ ಬಸ್ಸಿನಲ್ಲಿದ್ದಾರೆ. ಆ ಖರ್ಚು ಹೇಳಿದವರ ಕಡೆಗೆ ಬಿದ್ದ ದಿನ ಪಾಳಿ ತಾನಾಗಿ ಕರಗುತ್ತದೆ. ಇಪ್ಪತ್ತೊಂದು ವೈಕಲ್ಯಗಳ ಪೈಕಿ ಹಲವಕ್ಕೆ ವೈದ್ಯರ ಬಳಿ ಮದ್ದಿಲ್ಲ. ಇಪ್ಪತ್ತೆರಡನೆಯದಕ್ಕೆ ಇದೆ, ಅದೂ ಅವರ ಜೇಬಿನ ಪೆನ್ನಿನಲ್ಲೇ.