ಮೂರು ಮಣಿಯ ದಾರ: ಬಳಕೆದಾರರ ಕೈಪಿಡಿ

‘ದೃಷ್ಟಿ ಚಿಕಿತ್ಸೆ’ ಪೆಟ್ಟಿಗೆ ಕೊಂಡ ಪಾಲಕರಿಗೆ ಅಭಿನಂದನೆ. ದುಡ್ಡು ಕಟ್ಟಿದ ಮೇಲೆ ಕೈಪಿಡಿ ಓದುವುದು ನಮ್ಮ ವಾಡಿಕೆ. ಹಾಗಾಗಿ ದುಡ್ಡು ಕಟ್ಟುವ ಮುಂಚೆ ಹೇಳಬೇಕಿದ್ದ ಮಾತುಗಳನ್ನೂ ಇದರಲ್ಲೇ ಸೇರಿಸಿದ್ದೇವೆ.

ಪೆಟ್ಟಿಗೆಯಲ್ಲಿ ಏನೇನಿದೆ

ಬಣ್ಣದ ಮೂರು ಮಣಿ ಪೋಣಿಸಿದ ದಾರ ಒಂದು. ಫ್ರೆಡರಿಕ್ ಬ್ರಾಕ್ ಎಂಬ ಆಪ್ಟೋಮೆಟ್ರಿಸ್ಟ್ ಹೆಸರಿನಲ್ಲಿ ಇದಕ್ಕೆ ‘ಬ್ರಾಕ್ ದಾರ’ ಎನ್ನುತ್ತಾರೆ. ಪೆನ್ಸಿಲ್ ಒಂದು. ಕಣ್ಣು ಮುಚ್ಚುವ ಪಟ್ಟಿ. ಪುಟದ ಮೇಲೆ ಹಾಸುವ ಬಣ್ಣದ ಪ್ಲಾಸ್ಟಿಕ್ ಹಾಳೆ, ಉಚಿತ. ಮಗುವನ್ನು ನೀವೇ ತರತಕ್ಕದ್ದು.

ಶುರು ಮಾಡುವ ಮುನ್ನ

ಮಗುವಿನ ಕಣ್ಣು ಪರೀಕ್ಷೆ ಆಗಿದೆಯೇ? ಸ್ಪೀಚ್ ಥೆರಪಿ, ಫಿಸಿಯೋಥೆರಪಿ, ಐಕ್ಯೂ ಟೆಸ್ಟು ಎಲ್ಲದರ ಫೈಲೂ ಇರುತ್ತದೆ, ಕಣ್ಣಿನದೊಂದು ಮಾತ್ರ ಇರುವುದಿಲ್ಲ. ಕೇಳಿದರೆ, “ಅವನು ಅಕ್ಷರಾನೇ ಗುರುತಿಸಲ್ಲ ಸಾರ್, ಏನಂತ ಟೆಸ್ಟ್ ಮಾಡ್ತಾರೆ?” ಎನ್ನುತ್ತೀರಿ. ಫಿನ್ಲೆಂಡಿನ ವೈದ್ಯೆ ಲೇಆ ಹ್ಯೂವರಿನೆನ್ 1976ರಲ್ಲೇ ಇದಕ್ಕೆ ದಾರಿ ಮಾಡಿಟ್ಟರು. ಅಕ್ಷರದ ಬದಲು ಸೇಬು, ಮನೆ, ವೃತ್ತ, ಚೌಕ. ಹೆಸರು ಹೇಳಲು ಬಾರದ ಮಗು ಕೈಯಲ್ಲಿರುವ ಕಾರ್ಡಿನಲ್ಲಿ ಅದೇ ಚಿತ್ರ ತೋರಿಸಿದರೆ ಸಾಕು. ಅದೂ ಆಗದಿದ್ದರೆ ಒಂದು ಬದಿಗೆ ಮಾತ್ರ ಪಟ್ಟೆ ಇರುವ ಬೂದು ಕಾರ್ಡು ಹಿಡಿದು, ಮಗುವಿನ ಕಣ್ಣು ಎತ್ತ ಹೊರಳುತ್ತದೆಂದು ನೋಡುತ್ತಾರೆ. ಕನ್ನಡಕದ ಪಾಯಿಂಟನ್ನಂತೂ ಡ್ರಾಪ್ಸ್ ಹಾಕಿ, ಪಾಪೆಯೊಳಕ್ಕೆ ಬೆಳಕು ಬಿಟ್ಟು, ಮಗು ತುಟಿ ಬಿಚ್ಚದೆಯೇ ಕಂಡುಹಿಡಿಯಬಹುದು. ‘ಮಗು ಸಹಕರಿಸಲಿಲ್ಲ’ ಎಂದು ಚೀಟಿ ಬರೆದುಕೊಟ್ಟವರ ಬಳಿಗೆ ಮತ್ತೆ ಹೋಗಬೇಡಿ, ಬೇರೆಯವರನ್ನು ನೋಡಿ.

ಡೌನ್ ಸಿಂಡ್ರೋಮ್ ಇರುವ ಮಕ್ಕಳ ಪಾಲಕರು ಇಲ್ಲಿ ಒಂದು ನಿಮಿಷ ನಿಲ್ಲಿ. ಈ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಹತ್ತಿರದ್ದರ ಮೇಲೆ ದೃಷ್ಟಿ ನೆಡುವ ಶಕ್ತಿಯೇ ಕಡಿಮೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ತಂಡ ವರ್ಷಗಟ್ಟಲೆ ಇದರ ಬೆನ್ನು ಹತ್ತಿ, ಅಜ್ಜಂದಿರು ಹಾಕುವ ಬೈಫೋಕಲ್ ಕನ್ನಡಕವೇ ಈ ಮಕ್ಕಳಿಗೂ ಆಗಿಬರುತ್ತದೆಂದು ತೋರಿಸಿತು. ನಮ್ಮಲ್ಲಿ ಅಂಥ ಮಗು ಪುಸ್ತಕದಿಂದ ಮುಖ ತಿರುಗಿಸಿದರೆ ‘ಗಮನ ಇಲ್ಲ’ ಎಂದು ಬರೆದು, ಗಮನ ಹೆಚ್ಚಿಸುವ ಚಿಕಿತ್ಸೆಗೆ ಕಳಿಸುತ್ತಾರೆ.

ಪೆನ್ಸಿಲ್ ಬಳಸುವ ಕ್ರಮ

ಪೆನ್ಸಿಲನ್ನು ತೋಳಳತೆಯಲ್ಲಿ ಹಿಡಿಯಿರಿ. ಮೆಲ್ಲಗೆ ಮೂಗಿನತ್ತ ತನ್ನಿ. ತುದಿ ಎರಡಾಗಿ ಕಂಡ ಕೂಡಲೇ ಮಗು ಅದನ್ನು ಒಂದು ಮಾಡಲು ಯತ್ನಿಸಬೇಕು. ಹತ್ತಿರದ್ದನ್ನು ನೋಡುವಾಗ ಎರಡು ಕಣ್ಣೂ ಸರಿಯಾಗಿ ಒಳಕ್ಕೆ ಹೊರಳದ ತೊಂದರೆಯೊಂದಿದೆ. ಈ ವ್ಯಾಯಾಮ ಅದಕ್ಕೆ. ಅಮೆರಿಕದಲ್ಲಿ 9ರಿಂದ 17 ವರ್ಷದ 221 ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯ ಫಲ 2008ರಲ್ಲಿ ಬಂತು. ಕ್ಲಿನಿಕ್ಕಿಗೆ ಬಂದು, ಮನೆಯಲ್ಲೂ ಮಾಡಿ, 12 ವಾರ ಪಟ್ಟು ಹಿಡಿದವರಲ್ಲಿ ನೂರಕ್ಕೆ 73 ಮಂದಿಗೆ ಗುಣ ಕಂಡಿತು. ಮನೆಯಲ್ಲಿ ಬರೀ ಪೆನ್ಸಿಲ್ ಹಿಡಿದವರಲ್ಲಿ 43. ಕ್ಲಿನಿಕ್ಕಿನಲ್ಲಿ ಹುಸಿ ವ್ಯಾಯಾಮ ಮಾಡಿದವರಲ್ಲಿ 35. ಅಂದರೆ ಈ ಚಿಕಿತ್ಸೆ ಬೂಟಾಟಿಕೆಯಲ್ಲ. ಆದರೆ ನಾವು ನಿಮಗೆ ಮಾರಿರುವ ಪೆನ್ಸಿಲ್ಲಿಗೆ ಅಷ್ಟೇನೂ ಹೆಮ್ಮೆಪಡುವ ಕಾರಣವಿಲ್ಲ. ಮೇಲಾಗಿ, ಇದಕ್ಕೆ ‘ಈಗ ಒಂದಾಗಿದೆ, ಈಗ ಎರಡಾಗಿದೆ’ ಎಂದು ಹೇಳಬಲ್ಲ ಮಗು ಬೇಕು. ಪೆನ್ಸಿಲ್ ಕಂಡೊಡನೆ ಬಾಯಿಗಿಡುವ ಮಗುವಿದ್ದರೆ ಈ ಪುಟ ಬಿಟ್ಟು ಮುಂದೆ ಹೋಗಿ.

ಎಚ್ಚರಿಕೆ

ಪೆಟ್ಟಿಗೆಯ ಮೇಲೆ ‘ಓದು ಸುಧಾರಿಸುತ್ತದೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಅದನ್ನೂ ಪರೀಕ್ಷಿಸಿದವರಿದ್ದಾರೆ. ಅದೇ ತೊಂದರೆಯ 310 ಮಕ್ಕಳು, 16 ವಾರ, 2019ರಲ್ಲಿ ವರದಿ. ನಿಜವಾದ ವ್ಯಾಯಾಮ ಮಾಡಿದವರ ಓದಿನ ಅಂಕ ಏರಿತು. ಹುಸಿ ವ್ಯಾಯಾಮ ಮಾಡಿದವರದ್ದೂ ಸರಿಸುಮಾರು ಅಷ್ಟೇ ಏರಿತು.

ಡಿಸ್ಲೆಕ್ಸಿಯಾ ಇರುವ ಮಗು ‘ಥ’ವನ್ನು ‘ಧ’ ಎಂದರೆ, ಹೊಟ್ಟೆಯೊಳಗಿನ ಚುಕ್ಕೆ ಅದಕ್ಕೆ ಕಾಣಿಸುತ್ತಿಲ್ಲವೆಂದು ತಿಳಿಯಬೇಡಿ. ಕಾಣುತ್ತದೆ. ಬರಹವನ್ನು ಉಲಿಗೆ ಹೊಂದಿಸುವಲ್ಲಿ ಎಡವುತ್ತದೆ, ಮತ್ತು ಆ ಕೆಲಸ ಮಿದುಳಿನದು. ಅಮೆರಿಕದ ಮಕ್ಕಳ ವೈದ್ಯರು ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲಿ ಒಟ್ಟಾಗಿ ಇದನ್ನೇ ಹೇಳಿ, ಡಿಸ್ಲೆಕ್ಸಿಯಾಕ್ಕೆ ಕಣ್ಣಿನ ವ್ಯಾಯಾಮ ಮಾಡಿಸಲೂ ಬಣ್ಣದ ಗಾಜು ಹಾಕಿಸಲೂ ಆಧಾರವಿಲ್ಲ ಎಂದವು. ಉಚಿತ ಹಾಳೆಗಳನ್ನು ಪುಸ್ತಕಕ್ಕೆ ಬೈಂಡು ಹಾಕಲು ಬಳಸಿಕೊಳ್ಳಬಹುದು.

ಕಣ್ಣು ಸರಿಯಿದ್ದೂ ಕಾಣದಿದ್ದರೆ

ಇದು ಕೈಪಿಡಿಯ ದೊಡ್ಡ ಭಾಗ, ಪೆಟ್ಟಿಗೆಯಲ್ಲಿರುವ ಯಾವ ವಸ್ತುವೂ ಇದಕ್ಕೆ ಬೇಡ. ತಿಂಗಳು ತುಂಬದೆ ಹುಟ್ಟಿದ, ಹುಟ್ಟುವಾಗ ಉಸಿರುಗಟ್ಟಿದ, ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳಲ್ಲಿ ಕಣ್ಣು ಕಳಿಸಿದ್ದನ್ನು ಮಿದುಳು ಸರಿಯಾಗಿ ಬಿಡಿಸಿಕೊಳ್ಳಲಾರದು. ಖಾಲಿ ಮೇಜಿನ ಮೇಲಿನ ಕೆಂಪು ಚೆಂಡು ಕಾಣುತ್ತದೆ. ಅದೇ ಚೆಂಡು ಆಟಿಕೆ ರಾಶಿಯಲ್ಲಿ ಮಾಯ. ಕೆಲವರಿಗೆ ನೋಟದ ಕೆಳಭಾಗವೇ ಇರುವುದಿಲ್ಲ: ಮೆಟ್ಟಿಲಲ್ಲಿ ಮುಗ್ಗರಿಸುತ್ತಾರೆ, ತಟ್ಟೆಯಲ್ಲಿ ತಮ್ಮ ಕಡೆಯ ಅನ್ನ ಹಾಗೇ ಉಳಿಸುತ್ತಾರೆ, ಬೈಸಿಕೊಳ್ಳುತ್ತಾರೆ.

ಇಂಥ ಮಗುವನ್ನು ನಮ್ಮ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಕೂರಿಸಿ ನೋಡಿ. ಗೋಡೆ ತುಂಬ ಕಲಿಕಾ ಏಣಿ, ತಲೆಯ ಮೇಲೆ ಚಪ್ಪರದಿಂದ ಜೋತಾಡುವ ಕಾರ್ಡು, ನೆಲದ ಮೇಲೆ ತಟ್ಟೆಗಳು. ಉಳಿದ ಮಕ್ಕಳಿಗೆ ಅದು ಹಬ್ಬ (ಆ ಪದ್ಧತಿಯ ಮೇಲೆ ನಮಗೆ ಗೌರವವಿದೆ), ಈ ಮಗುವಿಗೆ ಸಂತೆ. ಮೇಷ್ಟ್ರು ಮಾಡಬೇಕಾದದ್ದು: ಖಾಲಿ ಗೋಡೆಯ ಎದುರು ಕೂರಿಸಿ. ಕಿಟಕಿಯ ಬಿಸಿಲು ಬೆನ್ನ ಹಿಂದಿರಲಿ. ಹಳೇ ನೋಟ್‌ಬುಕ್ಕಿನ ರಟ್ಟಿಗೆ ಕಪ್ಪು ಬಳಿದು, ಒಂದು ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ, ಪುಟದ ಮೇಲೆ ಸರಿಸುತ್ತ ಓದಿಸಿ. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಒತ್ತೊತ್ತಾಗಿ ಕೂರುವ ನಮ್ಮ ಲಿಪಿಯಲ್ಲಿ ಸಾಲುಗಳ ನಡುವೆ ಜಾಗ ಬಿಟ್ಟು ದಪ್ಪನಾಗಿ ಬರೆದುಕೊಡಿ. ಪುಸ್ತಕವನ್ನು ಓರೆ ಹಲಗೆಯ ಮೇಲೆ ಎತ್ತರಿಸಿ. ಈ ರಟ್ಟನ್ನು ನಾವು ಮಾರುವುದಿಲ್ಲ, ಲಾಭವಿಲ್ಲ.

ಸಾಮಾನ್ಯ ತೊಂದರೆಗಳು

ಮಗು ಕತ್ತು ಓರೆ ಮಾಡಿ ಓದುತ್ತಿದೆ: ನೆಟ್ಟಗೆ ಮಾಡಲು ಹೋಗಬೇಡಿ. ಗುಡ್ಡೆ ಅಲುಗಾಡುವ ಕಣ್ಣಿಗೆ ಅಲುಗಾಟ ಕಡಿಮೆಯಾಗುವ ಕೋನವೊಂದಿರುತ್ತದೆ, ಮಗು ಅದನ್ನು ಯಾರೂ ಹೇಳಿಕೊಡದೆ ಹುಡುಕಿಕೊಂಡಿದೆ. ತಪಾಸಣೆಗೆ ಕರೆದೊಯ್ಯಿರಿ.

ಸೋಮಾರಿ ಕಣ್ಣಿನ ಚಿಕಿತ್ಸೆಗೆಂದು ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಕಟ್ಟಲು ಮಗು ಬಿಡುತ್ತಿಲ್ಲ: ಮೊದಲು ಕನ್ನಡಕ. ಏಳರ ಒಳಗಿನ ಮಕ್ಕಳಲ್ಲಿ, ದೋಷ ಮಧ್ಯಮವಾಗಿದ್ದರೆ, ದಿನಕ್ಕೆ 2 ಗಂಟೆ ಕಟ್ಟಿದರೂ 6 ಗಂಟೆ ಕಟ್ಟಿದಷ್ಟೇ ಫಲವೆಂದು 2003ರಲ್ಲೇ ಗೊತ್ತಾಗಿದೆ. ಎಷ್ಟು ಹೊತ್ತೆಂದು ವೈದ್ಯರು ಹೇಳಲಿ, ಪಟ್ಟಿ ಮಾರುವವರಲ್ಲ.

ಎಲ್ಲಿಗೆ ಹೋಗುವುದು ತಿಳಿಯುತ್ತಿಲ್ಲ: ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನು ಕೇಳಿ. ಬಿಇಒ ಕಚೇರಿಯಲ್ಲಿ, ವಿಶೇಷ ಅಗತ್ಯದ ಮಕ್ಕಳಿಗೆಂದು ಇರುವ ಬಿಐಇಆರ್‌ಟಿ ಮೇಷ್ಟ್ರು ಯಾರೆಂದು ವಿಚಾರಿಸಿ.

ಹಣ ವಾಪಸಾತಿ

ಪೆಟ್ಟಿಗೆಯೊಂದಿಗೆ ಕೊಂಡ ಚಿಕಿತ್ಸಾ ಪ್ಯಾಕೇಜಿನ ಕೊನೆಯ ಸೆಷನ್ನಿಗೆ ಏಳು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು. ಕೊನೆಯ ಸೆಷನ್ ಯಾವುದೆಂದು ಈವರೆಗೆ ನಿಗದಿಯಾಗಿಲ್ಲ.